ಬರುವ ನೀರು, ಹೋಗುವ ನೀರು

(ಸಂಘದ ರಾಜ್ಯೋತ್ಸವ ಸಮಾರಂಭದ ಅಂಗವಾಗಿ ಮುಂಬಯಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು ನುಡಿಗಳ ಮಾತು, ಸಾಹಿತ್ಯ ಸಂಗೀತಗಳ ಮಾತು ನಡೆಯುವುದು ವಾಡಿಕೆ. ಅಂಥ ವಿಷಯಗಳನ್ನು ಕುರಿತು ಅಧಿಕಾರದಿಂದ ಮಾತನಾಡಬಲ್ಲ ವಿದ್ವಾಂಸರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ಸಾಹಿತಿಯಲ್ಲ, ಇಂಜಿನಿಯರನೂ ಅಲ್ಲ. ಒಂದು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ಹಲವು ವರ್ಷ ಟ್ಯಾಂಕರುಗಳ ಲೆಕ್ಕ ಬರೆದವನು, ಅಷ್ಟೆ. ಆದರೂ ಸಮಿತಿಯವರು, "ನಮ್ಮ ಕುಟುಂಬಗಳಿಗೆ ಪ್ರಯೋಜನವಾಗುವ ನಾಲ್ಕು ಮಾತು ಆಡಿರಿ" ಎಂದು ಒತ್ತಾಯಪಡಿಸಿದ್ದರಿಂದ ನಿಮ್ಮ ಮುಂದೆ ನಿಂತಿದ್ದೇನೆ. ನಾನು ಬಲ್ಲ ವಿಷಯ ಒಂದೇ: ಮನೆಗೆ ಬರುವ ನೀರು, ಮನೆಯಿಂದ ಹೋಗುವ ನೀರು. ಇವೆರಡಕ್ಕೂ ದಾರಿಯಿಲ್ಲದ ಕಡೆ ಮನೆ ಕಟ್ಟಬಹುದೇ? ಕಟ್ಟಬಾರದೆಂದರೆ, ಮನೆಯಿಲ್ಲದವನು ಎಲ್ಲಿಗೆ ಹೋಗಬೇಕು? ಇದೇ ಇಂದಿನ ನನ್ನ ಪ್ರಶ್ನೆ.

ಊರಿನಲ್ಲಿ ನಮ್ಮ ಹಿರಿಯರು ಮನೆ ಕಟ್ಟುತ್ತಿದ್ದ ರೀತಿಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಮೊದಲು ಬಾವಿ, ಆಮೇಲೆ ಮನೆ. ನೀರು ಕಂಡ ಮೇಲೆಯೇ ಪಂಚಾಂಗಕ್ಕೆ ಕೈ ಹಾಕುವುದು. ಆ ಬಾವಿಯ ನೀರಿನಿಂದಲೇ ಗೋಡೆಯ ಮಣ್ಣು ಕಲಸುವುದು. ಇನ್ನು ಬಚ್ಚಲ ನೀರಿಗೂ ಒಂದು ಗೊತ್ತಾದ ದಾರಿ ಇತ್ತು. ಅದು ಹಿತ್ತಲ ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಬಸಳೆಯ ಚಪ್ಪರಕ್ಕೋ ಹೋಗಿ ಮುಗಿಯುತ್ತಿತ್ತು. ಓದು ಬರಹ ಬಾರದ ಅಜ್ಜನಿಗೂ ಈ ಎರಡು ದಾರಿಗಳ ವಿಚಾರ ತಿಳಿದಿತ್ತು. ಪಟ್ಟಣಕ್ಕೆ ಬಂದ ನಾವು ಇವೆರಡನ್ನೂ ಬೇರೆ ಯಾರದೋ ಕೈಗೆ ಒಪ್ಪಿಸಿ ಮರೆತುಬಿಟ್ಟೆವು. ನಳ ತಿರುಗಿಸಿದರೆ ನೀರು, ಸರಪಳಿ ಎಳೆದರೆ ಶುಚಿ. ಆ ನಳದ ಹಿಂದೆ ಎಷ್ಟು ದೂರದ ಕೊಳವೆ ಉಂಟು, ಆ ಸರಪಳಿಯ ಮುಂದೆ ಎಷ್ಟು ದೂರದ ಗಟಾರ ಉಂಟು ಎಂಬುದು ನಮಗೆ ಕಾಣುವುದಿಲ್ಲ. ಅವು ಕೆಟ್ಟು ನಿಂತ ದಿನ ಮಾತ್ರ ಕಾಣುತ್ತವೆ.

ಈ ಮುಂಬಯಿ ಊರು ಸಮುದ್ರದ ನಡುವೆ ಕುಳಿತು ಕುಡಿಯುವ ನೀರಿಗಾಗಿ ಪರದಾಡಿದ ಊರು. ಒಂದು ಕಾಲದಲ್ಲಿ ಇಲ್ಲಿಯೂ ಬಾವಿ ಮತ್ತು ಕೆರೆಗಳೇ ಗತಿಯಾಗಿದ್ದವು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರುಗಳು ಉಳಿದಿವೆ, ಕೆರೆಗಳು ಉಳಿದಿಲ್ಲ. ಜನ ಹೆಚ್ಚಿ ಬಾವಿಗಳು ಸಾಲದಾದಾಗ ವಿಹಾರ ಸರೋವರವನ್ನು ಕಟ್ಟಿ 1860ರಲ್ಲಿ ಕೊಳವೆಯ ನೀರನ್ನು ತಂದರು. ಅದು ಸಾಲದೆ 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ. ತಾನ್ಸಾ ನೀರು ಬರುವುದು ಸುಮಾರು ನೂರು ಕಿಲೋಮೀಟರುಗಳ ಆಚೆಯಿಂದ. ಸ್ವಾತಂತ್ರ್ಯಾನಂತರ 1957ರಲ್ಲಿ ವೈತರಣಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ನೀರು ಬಂತು; ಅದನ್ನು ಯೋಜಿಸಿದ ಇಂಜಿನಿಯರ್ ಮೋಡಕರ ಹೆಸರಿನಿಂದ ಆ ಜಲಾಶಯವನ್ನು ಮೋಡಕ ಸಾಗರವೆಂದು ಕರೆಯುತ್ತಾರೆ. 1973ರಲ್ಲಿ ಮೇಲಿನ ವೈತರಣಾ, 1980ರ ದಶಕದಿಂದ ಹಂತ ಹಂತವಾಗಿ ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಹೀಗೆ ಏಳು ಸರೋವರಗಳು. ಇವೆಲ್ಲ ಸೇರಿ ಇಂದು ಊರಿಗೆ ದಿನಕ್ಕೆ ಸುಮಾರು 390 ಕೋಟಿ ಲೀಟರ್ ನೀರು ಬರುತ್ತದೆ.

ಈ ಅಂಕಿಯನ್ನು ಕೇಳಿದವರು, "ಅಷ್ಟು ನೀರಿದ್ದ ಮೇಲೆ ಕೊರತೆ ಎಲ್ಲಿಯದು?" ಎಂದಾರು. ನ್ಯಾಯವಾದ ಪ್ರಶ್ನೆಯೇ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಕಾಗದದ ಮೇಲೆ ಭಾಗಾಕಾರ ಮಾಡಿದರೆ ತಲೆಗೆ 300 ಲೀಟರಿನ ಮೇಲೆ ಬೀಳುತ್ತದೆ. ಆದರೆ ಕಾಗದದ ನೀರಿನಿಂದ ಯಾರ ಬಾಯಾರಿಕೆಯೂ ಹೋಗದು. ಈ ನೀರಿನಲ್ಲಿಯೇ ಕಚೇರಿ, ಕಾರ್ಖಾನೆ, ಆಸ್ಪತ್ರೆ, ಹೋಟೆಲು, ರೈಲ್ವೆ ಎಲ್ಲವೂ ನಡೆಯಬೇಕು. ಸೋರಿಕೆ ಮತ್ತು ಕಳವುಗಳಲ್ಲಿ ಹೋಗುವ ಪಾಲು ಕಾಲುಭಾಗಕ್ಕೆ ಕಡಿಮೆಯೇನಲ್ಲ. ಉಳಿದುದನ್ನು ಗಂಟೆಗಳ ಲೆಕ್ಕದಲ್ಲಿ ಹಂಚುತ್ತಾರೆ. ಒಂದು ಓಣಿಗೆ ಬೆಳಗಿನ ಜಾವ ಎರಡು ಗಂಟೆ, ಇನ್ನೊಂದಕ್ಕೆ ಸಂಜೆ ಮೂರು ಗಂಟೆ. ಆ ಹೊತ್ತಿನಲ್ಲಿ ನಮ್ಮ ನೆಲದಡಿಯ ಟಾಕಿ ತುಂಬಿದರೆ ತುಂಬಿತು. ಆದುದರಿಂದ ನೀರಿನ ಮಿತಿ ಎಂಬುದು ಅಣೆಕಟ್ಟಿನಲ್ಲಿ ಮಾತ್ರ ಇರುವುದಲ್ಲ. ಅದು ನಮ್ಮ ಓಣಿಯ ಕೆಳಗೆ ಹೂತ ಕೊಳವೆಯಲ್ಲಿದೆ. ಸರೋವರ ತುಂಬಿ ಕೋಡಿ ಹರಿಯುತ್ತಿರುವಾಗಲೂ ಕೊಳವೆಯ ತುದಿಯ ಮನೆಯವನು ಖಾಲಿ ಕೊಡ ಹಿಡಿದು ನಿಂತಿರಬಹುದು.

ಈಗ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ನಲವತ್ತು ಖೋಲಿಗಳ ಒಂದು ಹಳೆಯ ಚಾಳು. ಖೋಲಿಗೆ ಐದು ಜನರಂತೆ ಇನ್ನೂರು ಜನ. ನೀರು ಸಾಮಾನ್ಯ ನಳದಲ್ಲಿ, ಸಂಡಾಸು ಪಡಸಾಲೆಯ ತುದಿಯಲ್ಲಿ. ಹೊತ್ತು ತರುವ ನೀರಿಗೆ ತೋಳಿನ ಬಲವೇ ಮಿತಿ. ತಲೆಗೆ 45 ಲೀಟರೆಂದು ಹಿಡಿದರೆ ದಿನಕ್ಕೆ 9,000 ಲೀಟರ್ ಆಯಿತು. ಇಂಥ ಚಾಳನ್ನು ಕೆಡವಿ ಅದೇ ನೆಲದಲ್ಲಿ 160 ಮನೆಗಳ ಗೋಪುರ ಎಬ್ಬಿಸುತ್ತಾರೆ. ಹಳೆಯ ನಲವತ್ತು ಮನೆಯವರಿಗೆ ಅಲ್ಲಿಯೇ ಜಾಗ; ಉಳಿದುದು ಮಾರಾಟಕ್ಕೆ. ಈಗ ಎಂಟು ನೂರು ಜನ. ಒಳಚರಂಡಿ ಇರುವ ಪಟ್ಟಣಗಳಲ್ಲಿ ಮನೆಬಳಕೆಗೆ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ದೇಶದಲ್ಲಿ ಒಪ್ಪಿದ ಅಳತೆ. ಆ ಪ್ರಕಾರ ದಿನಕ್ಕೆ 1,08,000 ಲೀಟರ್. ಜನ ನಾಲ್ಕು ಪಟ್ಟಾದರೆ ನೀರು ಹನ್ನೆರಡು ಪಟ್ಟಾಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ದಿನಕ್ಕೆ ಹನ್ನೊಂದು ಟ್ಯಾಂಕರ್. ಓಣಿಯ ಕೊಳವೆ ಮಾತ್ರ ಹಳೆಯದೇ.

ಇದು ಬರುವ ನೀರಿನ ಕಥೆಯಾಯಿತು. ಹೋಗುವ ನೀರಿನ ವಿಷಯವನ್ನು ಯಾರೂ ಎತ್ತುವುದಿಲ್ಲ. ಸಭೆಯಲ್ಲಿ ಎತ್ತಿದರೆ ಮೂಗು ಮುರಿಯುತ್ತಾರೆ. ಆದರೆ ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಗೆ ಹೋಗುತ್ತದೆಂದು ಇಂಜಿನಿಯರರು ಎಣಿಸುತ್ತಾರೆ. ನಮ್ಮ ಗೋಪುರದ ಲೆಕ್ಕದಲ್ಲಿ ಅದು ದಿನಕ್ಕೆ 86,000 ಲೀಟರಿನ ಮೇಲೆ. ಅದೂ ದಿನವಿಡೀ ಸಮನಾಗಿ ಹೋಗುವುದಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಎಲ್ಲರ ಸ್ನಾನ, ಎಲ್ಲರ ಪಾತ್ರೆ, ಎಲ್ಲರ ಬಟ್ಟೆ. ಆ ಹೊತ್ತಿನ ಹರಿವು ಸರಾಸರಿಯ ಎರಡು ಮೂರು ಪಟ್ಟು ಇರುತ್ತದೆ. ಕುಡಿಯುವ ನೀರನ್ನು ಪಂಪಿನ ಒತ್ತಡದಿಂದ ಮೇಲಕ್ಕೂ ತಳ್ಳಬಹುದು; ಗಟಾರದ ನೀರು ಮಾತ್ರ ಇಳಿಜಾರನ್ನು ನಂಬಿ ಹರಿಯತಕ್ಕದ್ದು. ಇಳಿಜಾರು ಕಡಿಮೆಯಾದರೆ ಹೂಳು ಕೂರುತ್ತದೆ; ಕೊಳವೆ ಸಣ್ಣದಾದರೆ ಮೇಲುಕ್ಕುತ್ತದೆ. ಮುಂಬಯಿಯೋ, ಸಮುದ್ರದ ಮಟ್ಟಕ್ಕೆ ತೀರ ಸಮೀಪದ ಊರು. ಆದುದರಿಂದ ಎಡೆ ಎಡೆಯಲ್ಲಿ ಪಂಪಿನ ಮನೆಗಳನ್ನು ಕಟ್ಟಿ ಹೊಲಸು ನೀರನ್ನು ಎತ್ತಿ ಎತ್ತಿ ಮುಂದೆ ಸಾಗಿಸಬೇಕಾಗುತ್ತದೆ.

ಇಲ್ಲಿ ಒಂದು ಅನ್ಯಾಯವನ್ನು ನೀವು ಗಮನಿಸಬೇಕು. ಕೊಳವೆಯ ಶಕ್ತಿಗೆ ಮೀರಿ ಹೊಲಸು ಬಂದಾಗ ಅದು ಹೊಸ ಗೋಪುರದ ಇಪ್ಪತ್ತನೆಯ ಮಹಡಿಯಲ್ಲಿ ಉಕ್ಕುವುದಿಲ್ಲ. ಆ ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಮ್ಯಾನ್‌ಹೋಲಿನಲ್ಲಿ, ನೆಲಮಾಳಿಗೆಯ ಬಡವನ ಬಚ್ಚಲಿನಲ್ಲಿ ಉಕ್ಕುತ್ತದೆ. ಮಾಡಿದವರ ಪಾಪ ಆಡಿದವರ ಬಾಯಿಗೆ ಎನ್ನುವುದನ್ನು ಕೇಳಿದ್ದೆವು. ಇಲ್ಲಿ ಮೇಲಿನವರ ಹೊಲಸು ಕೆಳಗಿನವರ ಅಂಗಳಕ್ಕೆ. ಕಟ್ಟಿಕೊಂಡ ಗಟಾರವನ್ನು ಬಿಡಿಸುವುದಕ್ಕೆ ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾಯಿದೆಯೇ ಆಗಿದೆ. ಆದರೂ ಸೆಪ್ಟಿಕ್ ಟಾಕಿಗಳಿಗೂ ಮ್ಯಾನ್‌ಹೋಲುಗಳಿಗೂ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ನಮ್ಮ ಶುಚಿತ್ವದ ಲೆಕ್ಕವನ್ನು ಅವರು ಪ್ರಾಣದಿಂದ ತೀರಿಸುತ್ತಿದ್ದಾರೆ.

ಕೊಳವೆ ದಾಟಿದ ಮೇಲಾದರೂ ಈ ನೀರಿಗೆ ಸದ್ಗತಿ ಉಂಟೇ? ಊರಿನ ಒಳಚರಂಡಿಯನ್ನು ಕೊಲಾಬಾ, ವರಳಿ, ಬಾಂದ್ರಾ, ವರ್ಸೋವಾ, ಮಾಲಾಡ, ಭಾಂಡುಪ, ಘಾಟಕೋಪರ ಎಂದು ಏಳು ಭಾಗ ಮಾಡಿದ್ದಾರೆ. ವರಳಿ ಮತ್ತು ಬಾಂದ್ರಾಗಳಿಂದ ಸಮುದ್ರದ ತಳದಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿ ಸುರಂಗ ತೆಗೆದು ಹೊಲಸನ್ನು ದೂರಕ್ಕೆ ಬಿಡುವ ಏರ್ಪಾಡು ಮಾಡಿದರು. ಗಟಾರದ ಜಾಲಕ್ಕೆ ಸೇರದ ಬಸ್ತಿಗಳ ನೀರು ನಾಲೆಗಳಿಗೆ ಬಿದ್ದು ಮೀಠಿ ನದಿಯನ್ನು ಏನು ಮಾಡಿದೆಯೆಂಬುದು ಮಾಹೀಮಿನ ಸೇತುವೆ ದಾಟುವ ಪ್ರತಿಯೊಬ್ಬರ ಮೂಗಿಗೂ ಗೊತ್ತು. ದಿನಕ್ಕೆ ಒಟ್ಟು 246 ಕೋಟಿ ಲೀಟರ್ ಹೊಲಸು ನೀರನ್ನು ಶುದ್ಧಿ ಮಾಡತಕ್ಕ ಏಳು ಹೊಸ ಸ್ಥಾವರಗಳ ಕೆಲಸ 2022ರಿಂದೀಚೆಗೆ ಕೈಗೆತ್ತಿಕೊಂಡದ್ದು. ವಿಹಾರದ ನೀರು ಬಂದದ್ದು 1860ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಬರುವ ನೀರಿಗೂ ಹೋಗುವ ನೀರಿಗೂ ನಾವು ತೋರಿದ ಆದರದ ಅಂತರ ಅಷ್ಟು!

ಇನ್ನು ಕಾಲದ ವಿಚಾರ. ನನ್ನ ಅಭಿಪ್ರಾಯದಲ್ಲಿ ರೋಗದ ಮೂಲ ಇರುವುದೇ ಇಲ್ಲಿ. ಮುಂಬಯಿಯ ಮುಂದಿನ ನೀರಿನ ಅಗತ್ಯವನ್ನು ವಿಚಾರಿಸಲು ನೇಮಿಸಿದ ಮಾಧವ ಚಿತಳೆಯವರ ಸಮಿತಿ 1994ರಲ್ಲಿ ವರದಿ ಕೊಟ್ಟಿತು. ಮಧ್ಯ ವೈತರಣಾ, ಗಾರ್ಗಾಯಿ, ಪಿಂಜಾಳ ಎಂಬ ಮೂರು ಯೋಜನೆಗಳನ್ನು ಅದು ಸೂಚಿಸಿತ್ತು. ಮೊದಲನೆಯದರ ನೀರು ಬಂದದ್ದು 2014ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ. ಅದು ದಿನಕ್ಕೆ 45 ಕೋಟಿ ಲೀಟರು. ಉಳಿದೆರಡರ ನೀರು ಇನ್ನೂ ಬಂದಿಲ್ಲ. ಅಣೆಕಟ್ಟು ಇಪ್ಪತ್ತು ವರ್ಷಕ್ಕೆ, ಗೋಪುರ ನಾಲ್ಕು ವರ್ಷಕ್ಕೆ. ಎತ್ತಿನ ಬಂಡಿಯನ್ನೂ ರೈಲನ್ನೂ ಒಂದೇ ಹೊತ್ತಿಗೆ ಹೊರಡಿಸಿ, ಒಟ್ಟಿಗೆ ಊರು ಮುಟ್ಟಲಿ ಎಂದು ಕಾದರೆ ಆದೀತೇ?

ಹಿಂದೆ ಇದಕ್ಕೆ ಒಂದು ಕಡಿವಾಣವಿತ್ತು. ನಿವೇಶನದ ಎಷ್ಟು ಪಟ್ಟು ನೆಲಹಾಸು ಕಟ್ಟಬಹುದೆಂಬ ಮಿತಿ, ನಾವು ಎಫ್.ಎಸ್.ಐ. ಎನ್ನುವುದು. 1991ರ ನಿಯಮಾವಳಿಯಲ್ಲಿ ಹಳೆಯ ನಗರಕ್ಕೆ 1.33, ಉಪನಗರಗಳಿಗೆ 1 ಎಂದಿತ್ತು. ಅನಂತರ ಹಳೆಯ ಕಟ್ಟಡಗಳ ಪುನರ್ನಿರ್ಮಾಣಕ್ಕೆಂದು 3ರವರೆಗೆ, 4ರವರೆಗೆ ಏರಿಸಿದರು. ಹೆಚ್ಚಿನ ಎಫ್.ಎಸ್.ಐ. ಬೇಕಾದವರು ಶುಲ್ಕ ಕಟ್ಟಬೇಕು. ಹಣವೇನೋ ಅನುಮತಿಯ ದಿನವೇ ಬರುತ್ತದೆ. ಆ ಹಣದ ಕೊಳವೆ ಓಣಿಗೆ ಯಾವ ದಿನ ಬರಬೇಕೆಂಬ ಕರಾರು ಮಾತ್ರ ಇರುವುದಿಲ್ಲ.

ಈಗ ನನ್ನ ಅನುಭವದ ಒಂದು ಪ್ರಸಂಗವನ್ನು ಹೇಳುತ್ತೇನೆ. ಅದನ್ನು ಹೇಳದೆ ಈ ವಿಷಯದ ಇನ್ನೊಂದು ಮುಖ ತಿಳಿಯದು.

ನಾನು 1971ರಲ್ಲಿ ಈ ಊರಿಗೆ ಬಂದವನು. ಹಗಲು ಹೋಟೆಲಿನ ಗಲ್ಲೆಯ ಬಳಿ ಕೆಲಸ, ಸಂಜೆ ರಾತ್ರಿಶಾಲೆ, ರಾತ್ರಿ ಹೋಟೆಲಿನ ಅಟ್ಟದ ಮೇಲೆ ಎಂಟು ಜನರೊಡನೆ ನಿದ್ರೆ. ಸ್ನಾನಕ್ಕೆ ಬೆಳಗಿನ ನಾಲ್ಕು ಗಂಟೆಗೆ ಸರದಿ. ತಲೆಗೆ ಒಂದೇ ಬಾಲ್ದಿ. ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಸಾಲ ಮಾಡಿ, ಪಶ್ಚಿಮದ ಉಪನಗರದಲ್ಲಿ ಒಂದು ಸಣ್ಣ ಮನೆ ಕೊಂಡೆ. ಬೀಗದ ಕೈ ಕೊಡುವಾಗ, "ನೀರು ಆರು ತಿಂಗಳಲ್ಲಿ ಬರುತ್ತದೆ" ಎಂದಿದ್ದರು. ಬಂದದ್ದು ಆರು ವರ್ಷಕ್ಕೆ. ಆ ಆರು ವರ್ಷ ನಾವು ಟ್ಯಾಂಕರಿನ ದಾರಿ ಕಾದು ಬದುಕಿದೆವು. ಮಗಳ ಪರೀಕ್ಷೆಯ ದಿನ ಟ್ಯಾಂಕರ್ ಬಾರದೆ ಅಕ್ಕಪಕ್ಕದವರಿಂದ ಎರಡು ಕೊಡ ಬೇಡಿ ತಂದದ್ದನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸೊಸೈಟಿಯ ಪಕ್ಕದ ಚಾಳನ್ನು ಕೆಡವಿ ಗೋಪುರ ಕಟ್ಟುವ ಮಾತು ಬಂತು. ನಾನು ಆಗ ಕಾರ್ಯದರ್ಶಿ. ಮೇಲೆ ಹೇಳಿದ ಲೆಕ್ಕ ಮಾಡಿದ್ದು ಆಗಲೇ. ನಮ್ಮ ಸದಸ್ಯರು ಗಾಬರಿಗೊಂಡರು. ಈಗಲೇ ಮೂರನೆಯ ಮಹಡಿಗೆ ನೀರು ಏರುವುದಿಲ್ಲ. ಮಳೆಗಾಲದಲ್ಲಿ ಮ್ಯಾನ್‌ಹೋಲು ತೆರೆದುಕೊಳ್ಳುತ್ತದೆ. ಇನ್ನು ಇವರೂ ಬಂದರೆ ನಮ್ಮ ಗತಿಯೇನು? ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಮಹಾನಗರಪಾಲಿಕೆಗೆ ಅರ್ಜಿ ಬರೆಯಬೇಕೆಂದು ಎಲ್ಲರೂ ಒಮ್ಮತದಿಂದ ಹೇಳಿದರು. ಅರ್ಜಿಯನ್ನು ನಾನೇ ಬರೆದೆ. ನನ್ನ ಲೆಕ್ಕವೆಲ್ಲ ಅದರಲ್ಲಿತ್ತು, ಒಂದಂಕಿಯೂ ಸುಳ್ಳಿರಲಿಲ್ಲ.

ಆ ಚಾಳಿನಲ್ಲಿ ನನ್ನ ಹಳೆಯ ಪರಿಚಯದ ಹಿರಿಯರೊಬ್ಬರಿದ್ದರು. ಹೋಟೆಲಿನ ಅಟ್ಟದ ಮೇಲೆ ನನ್ನ ಪಕ್ಕದ ಚಾಪೆ ಅವರದು. ದೋಸೆಕಲ್ಲಿನ ಮುಂದೆ ಮೂವತ್ತು ವರ್ಷ ನಿಂತು ಮಂಡಿ ಹಿಡಿದುಹೋಗಿತ್ತು. ಪಡಸಾಲೆಯ ತುದಿಯ ಸಂಡಾಸಿಗೆ ರಾತ್ರಿ ಗೋಡೆ ಹಿಡಿದು ನಡೆಯುತ್ತಿದ್ದರು. ಅರ್ಜಿಯ ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಒಂದು ಸಂಜೆ ನಮ್ಮ ಮೆಟ್ಟಿಲ ಬಳಿ ಕುಳಿತಿದ್ದವರು ನನ್ನನ್ನು ನೋಡಿ, "ನೀನು ಕುಡಿದಾಯಿತಲ್ಲ ಮಾರಾಯಾ, ಈಗ ಕೊಡ ಕವುಚಿ ಹಾಕುತ್ತೀಯಾ?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಲೆಕ್ಕದಲ್ಲಿ ಚಾಳಿನವರಿಗೆ ತಲೆಗೆ 45 ಲೀಟರ್ ಎಂದು ಬರೆದಿದ್ದೆನಷ್ಟೆ. ಮನೆಬಳಕೆಯ 135 ಲೀಟರಿನಲ್ಲಿ ಸಂಡಾಸು ತೊಳೆಯುವುದಕ್ಕೆಂದೇ ಎಣಿಸಿರುವುದು ಎಷ್ಟು ಬಲ್ಲಿರಾ? ಅದೂ 45 ಲೀಟರ್. ಅವರು ಕುಡಿದು, ಅಡಿಗೆ ಮಾಡಿ, ಮಿಂದು, ಬಟ್ಟೆ ಒಗೆಯುವ ಒಟ್ಟು ನೀರನ್ನು ನಾವು ಸರಪಳಿ ಎಳೆದು ಕಳೆಯುತ್ತಿದ್ದೇವೆ. ಹೀಗಿರಲು "ನೀರು ಸಾಲದು, ಆದುದರಿಂದ ನೀನು ಚಾಳಿನಲ್ಲೇ ಇರು" ಎಂದು ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು? 1971ರಲ್ಲಿಯೂ ಈ ಊರಿಗೆ ನೀರು ಸಾಲುತ್ತಿರಲಿಲ್ಲ. ಆಗ ಒಳಗಿದ್ದವರು ಬಾಗಿಲು ಹಾಕಿದ್ದರೆ ನಾನು ಎಲ್ಲಿರುತ್ತಿದ್ದೆ? ಈ ಸಭೆಯಲ್ಲಿರುವ ನಾವೆಲ್ಲ ಎಲ್ಲಿರುತ್ತಿದ್ದೆವು?

ಮರುದಿನ ಅರ್ಜಿಯನ್ನು ಹರಿದು ಬೇರೊಂದನ್ನು ಬರೆದೆ. ಲೆಕ್ಕ ಅದೇ, ಬೇಡಿಕೆ ಮಾತ್ರ ಬೇರೆ. "ಕಟ್ಟಬೇಡಿರಿ" ಎನ್ನಲಿಲ್ಲ. "ಮೊದಲು ಓಣಿಯ ಕೊಳವೆಯನ್ನೂ ಗಟಾರವನ್ನೂ ದೊಡ್ಡದು ಮಾಡಿರಿ, ಅದಾದ ಮೇಲೆಯೇ ವಾಸಕ್ಕೆ ಅನುಮತಿ ಕೊಡಿರಿ, ಹಳೆಯ ಬಾಡಿಗೆದಾರರಿಗೆ ಮೊದಲು ಕೊಡಿರಿ" ಎಂದು ಕೇಳಿದೆ. ನಮ್ಮ ಸದಸ್ಯರಲ್ಲಿ ಅರ್ಧ ಜನ ಸಹಿ ಹಾಕಲಿಲ್ಲ. ಕೆಲವರು ನನ್ನೊಡನೆ ಮಾತು ಬಿಟ್ಟರು. ಚಾಳಿನವರು ಸಹಿ ಹಾಕಿದರು. ಎರಡು ವರ್ಷ ಓಡಾಡಿದ ಮೇಲೆ ನೀರಿನ ಕೊಳವೆ ಬದಲಾಯಿತು. ಗಟಾರ ಅರ್ಧ ದೂರ ಮಾತ್ರ ಆಯಿತು. ಮಿಕ್ಕ ಅರ್ಧ ಇಂದಿಗೂ ಆಗಿಲ್ಲ. ಗೋಪುರ ಎದ್ದಿದೆ. ಆ ಹಿರಿಯರು ಏಳನೆಯ ಮಹಡಿಯಲ್ಲಿ ಎರಡು ವರ್ಷ, ಸ್ವಂತ ಬಚ್ಚಲಿರುವ ಮನೆಯಲ್ಲಿ, ಬಾಳಿ ತೀರಿಕೊಂಡರು. ಪೂರ್ತಿ ಗೆದ್ದೆನೆಂದು ಹೇಳಲಾರೆ. ಆದರೆ ಮೊದಲಿನ ಅರ್ಜಿಯನ್ನು ಕಳಿಸದಿದ್ದುದಕ್ಕೆ ನನಗೆ ಎಂದೂ ಪಶ್ಚಾತ್ತಾಪವಾಗಿಲ್ಲ.

ಬಂಧುಗಳೇ, ನನ್ನ ಒಂದು ಓಣಿಯ ಪ್ರಶ್ನೆ ಊರೂರಿನ ಪ್ರಶ್ನೆಯಾಗಿ ನ್ಯಾಯಾಲಯದವರೆಗೂ ಹೋಗಿದೆ. ಕಸ ಹಾಕಲು ಜಾಗವಿಲ್ಲವೆಂಬ ಕಾರಣದಿಂದ ಮುಂಬಯಿಯ ಹೊಸ ಕಟ್ಟಡಗಳಿಗೆ ಉಚ್ಚ ನ್ಯಾಯಾಲಯ 2016ರಲ್ಲಿ ತಡೆ ಹಾಕಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಷರತ್ತುಗಳೊಡನೆ ಸಡಿಲಿಸಿತು. ಠಾಣೆಯ ಘೋಡಬಂದರ ರಸ್ತೆಯಲ್ಲಿ ನೀರಿಲ್ಲದೆ ಕಟ್ಟಡಗಳು ಏಳುತ್ತಿವೆಯೆಂಬ ದೂರಿನ ಮೇಲೆ 2017ರಲ್ಲಿ ಅಲ್ಲಿಯೂ ಕೆಲಕಾಲ ತಡೆ ಬಂತು. ತಡೆಯಿಂದ ಆಡಳಿತದವರು ಎಚ್ಚತ್ತುಕೊಳ್ಳುತ್ತಾರೆ, ನಿಜ. ಆದರೆ ತಡೆಯೇ ಪರಿಹಾರವಲ್ಲ. ಅನುಮತಿಯಿರುವ ಮನೆ ಸಿಗದವನು ಅನುಮತಿಯಿಲ್ಲದ ಕಡೆ ಗುಡಿಸಲು ಹಾಕುತ್ತಾನೆ. ಮನೆ ನಿಂತರೂ ಜನ ನಿಲ್ಲುವುದಿಲ್ಲ. ಅಂಥವರಿಗೆ, ಗುಡಿಸಲು ಅಕ್ರಮವೆಂಬ ಕಾರಣದಿಂದ ಕುಡಿಯುವ ನೀರನ್ನೂ ಕೊಡದಿರುವುದು ಸಲ್ಲದೆಂದು ಇದೇ ಉಚ್ಚ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ನೀರು ಬದುಕುವ ಹಕ್ಕಿನ ಭಾಗವೆಂಬುದು ಅದರ ಸಾರ.

ಹಾಗಾದರೆ ಇನ್ನಷ್ಟು ಅಣೆಕಟ್ಟು ಕಟ್ಟಿದರೆ ತೀರಿತೇ? ಗಾರ್ಗಾಯಿ ಅಣೆಕಟ್ಟಿಗೆ ಲಕ್ಷಗಟ್ಟಲೆ ಮರ ಹೋಗಬೇಕು, ಆದಿವಾಸಿಗಳ ಹಳ್ಳಿಗಳು ಏಳಬೇಕು. ನಮಗೆ ನೀರು ಕೊಡುವ ತಾನ್ಸಾ, ಭಾತ್ಸಾ ಜಲಾಶಯಗಳಿರುವ ಶಹಾಪುರ ತಾಲೂಕಿನ ಹಳ್ಳಿಗಳಲ್ಲಿಯೇ ಬೇಸಗೆಯಲ್ಲಿ ಟ್ಯಾಂಕರು ತಿರುಗುತ್ತದೆ. ಮನೆಯೊಡತಿಯನ್ನು ಉಪವಾಸ ಕೆಡವಿ ನೆಂಟರು ಉಂಡಂತೆ ಇದು. ಆದುದರಿಂದ ಹೊಸ ನೀರನ್ನು ಕೇಳುವ ಮೊದಲು ಇದ್ದ ನೀರನ್ನು ಉಳಿಸುವುದು ಮರ್ಯಾದೆ. ಸೋರುವ ಕಾಲುಭಾಗದಲ್ಲಿ ಅರ್ಧ ಉಳಿಸಿದರೂ ಮಧ್ಯ ವೈತರಣಾದಷ್ಟು ನೀರು ಸಿಕ್ಕೀತು. ಬಚ್ಚಲ ನೀರನ್ನು ಶುದ್ಧಿ ಮಾಡಿ ಸಂಡಾಸಿಗೆ ಬಳಸಿದರೆ 135ರಲ್ಲಿ 45, ಅಂದರೆ ಮೂರರಲ್ಲೊಂದು ಪಾಲು ಮಿಕ್ಕುತ್ತದೆ. ಬರುವ ಕೊಳವೆಯ ಭಾರವೂ ಇಳಿಯುತ್ತದೆ, ಹೋಗುವ ಕೊಳವೆಯದೂ ಇಳಿಯುತ್ತದೆ. 2019ರ ಬೇಸಗೆಯಲ್ಲಿ ಜಲಾಶಯಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಿಕೊಂಡ ಚೆನ್ನೈ ನಗರ ಹೊಲಸು ನೀರನ್ನು ಶುದ್ಧಿ ಮಾಡಿ ಕಾರ್ಖಾನೆಗಳಿಗೆ ಕೊಡುವ ದೊಡ್ಡ ಸ್ಥಾವರಗಳನ್ನು ನಡೆಸುತ್ತಿದೆ. ಬಾಳೆಯ ಬುಡಕ್ಕೆ ಬಚ್ಚಲ ನೀರು ಬಿಟ್ಟ ನಮ್ಮ ಅಜ್ಜನ ಬುದ್ಧಿಯೇ ಇದು. ಯಂತ್ರ ಮಾತ್ರ ಹೊಸದು.

ರಾಜ್ಯೋತ್ಸವದ ದಿನ ತವರಿನ ಮಾತಾಡದೆ ಮುಗಿಸಬಾರದು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಒಂದು ಮನೆ ಎಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಆ ಊರಿಗೂ 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ನೀರು ಬಂತು. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರಬೇಕು. ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದ್ದು 2007ರಲ್ಲಿ. ಅವುಗಳಿಗೆಂದು ಕಾವೇರಿಯ ಐದನೆಯ ಹಂತ, ದಿನಕ್ಕೆ 77 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಕಟ್ಟಡ ನಿಲ್ಲಲಿಲ್ಲ. ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಎದ್ದವು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಏನಾಯಿತೆಂಬುದನ್ನು ನಿಮ್ಮ ನೆಂಟರೇ ಫೋನಿನಲ್ಲಿ ಹೇಳಿದ್ದಾರೆ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಅಲ್ಲಿ ಸಾರಬೇಕಾಯಿತು. ಹೋದ ನೀರಿನ ಕಥೆಯನ್ನು ಬೆಳ್ಳಂದೂರು ಕೆರೆಯ ನೊರೆ ಹೇಳಿತು.

ನಮ್ಮವರಿಗೆ ಈ ತಿಳುವಳಿಕೆ ಹೊಸದಲ್ಲ. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ಹಾಳಾದಾಗ ಅಲ್ಲಿಗೆ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ್ದ ಅವರು ಪ್ರವಾಹ ತಡೆಯುವ ಜಲಾಶಯಗಳನ್ನು ಸೂಚಿಸಿ ಸುಮ್ಮನಾಗಲಿಲ್ಲ; ಆ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. ಬರುವ ನೀರನ್ನೂ ಹೋಗುವ ನೀರನ್ನೂ ಒಂದೇ ಕಣ್ಣಿನಿಂದ ನೋಡುವುದೆಂದರೆ ಹೀಗೆ.

ಕೊನೆಯದಾಗಿ, ಮನೆ ಕೊಳ್ಳಲು ಹೊರಟಿರುವ ನಮ್ಮ ತರುಣ ಕುಟುಂಬಗಳಿಗೆ ಒಂದೆರಡು ಹಿತವಚನ. ಪಡಸಾಲೆಯ ಅಮೃತಶಿಲೆಯನ್ನು ಆಮೇಲೆ ನೋಡಿರಿ. ಮೊದಲು ನೆಲದಡಿಯ ಟಾಕಿಯ ಮುಚ್ಚಳ ತೆಗೆಸಿ ನೋಡಿರಿ. ಮಹಾನಗರಪಾಲಿಕೆಯ ನೀರಿನ ಜೋಡಣೆ ಆಗಿದೆಯೇ, "ಆಗುತ್ತದೆ"ಯೇ ಎಂದು ಕಾಗದದಲ್ಲಿ ಕೇಳಿರಿ. ವಾಸದ ಅನುಮತಿ, ನಾವು ಓ.ಸಿ. ಎನ್ನುವುದು, ಇಲ್ಲದ ಮನೆಯಲ್ಲಿ ಬೀಗದ ಕೈ ಸಿಕ್ಕಿತೆಂದು ಹಾಲು ಉಕ್ಕಿಸಬೇಡಿರಿ. ಈ ಊರಿನಲ್ಲಿ ಅಂಥ ಕಟ್ಟಡಗಳು ನೀರಿಗೆ ಎರಡು ಪಟ್ಟು ದರ ತೆರುತ್ತಾ ವರ್ಷಗಟ್ಟಲೆ ಕುಳಿತಿವೆ. ಪಕ್ಕದ ಸೊಸೈಟಿಯವರನ್ನು ಕಂಡು, ಹೋದ ಮೇ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟಿರೆಂದು ವಿಚಾರಿಸಿರಿ. ಹೊಲಸು ನೀರು ಎಲ್ಲಿಗೆ ಹೋಗುತ್ತದೆಂದು ಸಂಕೋಚವಿಲ್ಲದೆ ಕೇಳಿರಿ. ಶುದ್ಧೀಕರಣದ ಯಂತ್ರವಿದೆಯೆಂದರೆ ಅದು ತಿರುಗುತ್ತಿದೆಯೇ ಎಂದೂ ಕೇಳಿರಿ. ಓಣಿಯ ಕೊಳವೆಗೆ ನೇರವಾಗಿ ಪಂಪು ಹಚ್ಚಿ ಎಳೆಯುವವರ ಜತೆ ಸೇರಬೇಡಿರಿ. ಅದು ನೆರೆಯವನ ಪಾಲನ್ನು ಕಸಿಯುವುದಲ್ಲದೆ, ಸೋರುವ ಸಂದುಗಳಿಂದ ಗಟಾರದ ಹೊಲಸನ್ನೂ ನಿಮ್ಮ ಮಕ್ಕಳ ಲೋಟಕ್ಕೆ ಎಳೆದು ತರುತ್ತದೆ.

ಮನೆ ಸೇರಿದ ಮೇಲೆ ಇನ್ನೊಂದು ಮಾತನ್ನು ನೆನಪಿಡಿರಿ. ನಿಮ್ಮ ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುವ ದಿನ ಬಂದೇ ಬರುತ್ತದೆ. ಆಗ ಅರ್ಜಿ ಬರೆಯಿರಿ, ಅವಶ್ಯ ಬರೆಯಿರಿ. ಬಾಗಿಲು ಹಾಕಿರೆಂದು ಬರೆಯಬೇಡಿರಿ. ಕೊಳವೆ ಹಾಕಿರೆಂದು ಬರೆಯಿರಿ. ಮೊದಲು ಬಾವಿ, ಆಮೇಲೆ ಮನೆ ಎಂದ ನಮ್ಮ ಹಿರಿಯರು ಬಾವಿಯ ಹಗ್ಗವನ್ನು ನೆರೆಯವನಿಂದ ಬಚ್ಚಿಟ್ಟವರಲ್ಲ.